ದೇವದಾಸಿ ವಿಮೋಚನೆಯಲ್ಲಿ ಸಂಶೋಧನೆ ಮತ್ತು ಚಳವಳಿ

ದೇವದಾಸಿ ವಿಮೋಚನೆಯ ಕಾರ್ಯವು ಲಿಂಗತ್ವ ಮತ್ತು ರಾಜಕಾರಣದ ಅಧ್ಯಯನದಲ್ಲಿ ವಿದ್ವತ್ ಸಂಶೋಧನೆಯೂ ಸಾಮಾಜಿಕ ಚಳವಳಿಯೂ ಒಂದರೊಳಗೊಂದು ಬೆರೆತು ನಡೆದುದಕ್ಕೆ ಕರ್ನಾಟಕದಲ್ಲಿ ದೊರೆಯುವ ಮುಖ್ಯ ಉದಾಹರಣೆಗಳಲ್ಲಿ ಒಂದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ, ಚಿಕ್ಕೋಡಿ, ಅಥಣಿ ಮತ್ತು ಸವದತ್ತಿ ಭಾಗಗಳು ಈ ಕಾರ್ಯದ ಪ್ರಮುಖ ಕ್ಷೇತ್ರಗಳಾಗಿವೆ. ಇಲ್ಲಿ ಅಧ್ಯಯನಕ್ಕೆ ವಸ್ತುವಾಗಿದ್ದ ಮಹಿಳೆಯರೇ ಕಾಲಕ್ರಮದಲ್ಲಿ ಮಾಹಿತಿ ಸಂಗ್ರಾಹಕರೂ ಸಂಘಟಕರೂ ಆದರು. ಯಾರನ್ನು ದೇವದಾಸಿ ಎಂದು ಎಣಿಸಬೇಕು, ಯಾರು ಎಣಿಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಶಾಸ್ತ್ರೀಯವಾದುದು. ಆದರೆ ಒಬ್ಬ ವೃದ್ಧೆಗೆ ಮಾಸಾಶನ ದೊರೆಯುವುದೂ ಆಕೆಯ ಮಗುವಿಗೆ ಹಕ್ಕಿನ ದಾಖಲೆ ಸಿಗುವುದೂ ಅದೇ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಪರಿಕಲ್ಪನೆ

ಸಂಶೋಧಕನು ತಟಸ್ಥನಾಗಿ ದೂರ ನಿಂತು ನೋಡಬೇಕು ಎಂಬುದು ಸಮಾಜ ವಿಜ್ಞಾನಗಳಲ್ಲಿ ಬಹುಕಾಲ ಮಾನ್ಯವಾಗಿದ್ದ ನಿಲುವು. ಇದನ್ನು ಪ್ರಶ್ನಿಸಿದವರಲ್ಲಿ ಕರ್ಟ್ ಲೆವಿನ್ ಮೊದಲಿಗರಲ್ಲೊಬ್ಬರು. 1946ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಅಲ್ಪಸಂಖ್ಯಾತರ ಸಮಸ್ಯೆಗಳನ್ನು ಕುರಿತು ಬರೆಯುತ್ತಾ, ಪುಸ್ತಕಗಳನ್ನಷ್ಟೇ ಹುಟ್ಟಿಸುವ ಸಂಶೋಧನೆ ಸಾಲದು ಎಂಬ ಅಭಿಪ್ರಾಯವನ್ನು ಮಂಡಿಸಿ 'ಕ್ರಿಯಾ ಸಂಶೋಧನೆ' ಎಂಬ ಮಾರ್ಗವನ್ನು ಸೂಚಿಸಿದರು. ಬಿ.ಎಡ್. ತರಗತಿಗಳಲ್ಲಿ ಕ್ರಿಯಾ ಸಂಶೋಧನೆಯನ್ನು ಓದಿದ ಅಧ್ಯಾಪಕರು ಈ ಮೂಲವನ್ನು ಗಮನಿಸಿರುವುದು ವಿರಳ. ಬ್ರೆಜಿಲ್‌ನ ಪಾವ್ಲೊ ಫ್ರೇರೆ ಮತ್ತು ಕೊಲಂಬಿಯಾದ ಒರ್ಲಾಂಡೊ ಫಾಲ್ಸ್ ಬೋರ್ಡಾ ಅವರು ಇದನ್ನು ಮುಂದುವರಿಸಿ, ತಮ್ಮ ಬದುಕನ್ನು ಕುರಿತ ಜ್ಞಾನವನ್ನು ಜನರೇ ರೂಪಿಸುವ ಸಹಭಾಗಿ ಸಂಶೋಧನೆಗೆ ಅಡಿಪಾಯ ಹಾಕಿದರು.

ಸ್ತ್ರೀವಾದಿ ಚಿಂತಕರು ಇದಕ್ಕೆ ಮತ್ತೊಂದು ಆಯಾಮವನ್ನು ಸೇರಿಸಿದರು. ಆಂಧ್ರದ ನರಸಾಪುರದ ಲೇಸ್ ಹೆಣೆಯುವ ಹೆಂಗಸರನ್ನು ಅಧ್ಯಯನ ಮಾಡಿದ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್, ಸಂಶೋಧಕಿಯು ತುಳಿತಕ್ಕೊಳಗಾದವರ ಪಕ್ಷವನ್ನು ಅರಿತೇ ವಹಿಸಬೇಕೆಂದೂ ಮೇಲಿನಿಂದಲ್ಲದೆ ಕೆಳಗಿನಿಂದ ನೋಡಬೇಕೆಂದೂ ಪ್ರತಿಪಾದಿಸಿದರು. ಭಾರತದಲ್ಲಿ 1971ರಲ್ಲಿ ನೇಮಕವಾದ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯ 1974ರ ವರದಿ 'ಸಮಾನತೆಯತ್ತ', ಮಹಿಳಾ ಅಧ್ಯಯನ ಮತ್ತು ಮಹಿಳಾ ಚಳವಳಿ ಎರಡಕ್ಕೂ ಆಧಾರ ಗ್ರಂಥವಾಯಿತು. ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ವೀಣಾ ಮಜುಂದಾರ್ 1980ರಲ್ಲಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಆರಂಭಿಸಿದರು. ಭಾರತೀಯ ಮಹಿಳಾ ಅಧ್ಯಯನ ಸಂಘವು 1982ರಲ್ಲಿ ಸ್ಥಾಪನೆಯಾಯಿತು.

ಹೀಗೆ ಪಕ್ಷ ವಹಿಸುವವರು ಯಾರು, ಯಾರ ಪರವಾಗಿ ಎಂಬ ಪ್ರಶ್ನೆಯನ್ನು ದಲಿತ ಚಿಂತಕರು ಎತ್ತಿದರು. ದಲಿತ ಮಹಿಳೆಯರ ಮಾತು ಬೇರೆಯೇ ಆಗಿದೆ ಎಂದು ಗೋಪಾಲ ಗುರು 1995ರಲ್ಲಿ ವಾದಿಸಿದರು. ಪುಣೆಯ ಶರ್ಮಿಳಾ ರೇಗೆ 1998ರಲ್ಲಿ ದಲಿತ ಸ್ತ್ರೀವಾದಿ ನಿಲುನೆಲೆಯನ್ನು ವಿವರಿಸಿದರು. ಮೇಲ್ಜಾತಿಯವರು ಸಿದ್ಧಾಂತ ರಚಿಸುವವರಾಗಿ, ಕೆಳಜಾತಿಯವರು ಕೇವಲ ಅಂಕಿಅಂಶ ಒದಗಿಸುವವರಾಗಿ ಉಳಿದಿದ್ದಾರೆ ಎಂಬ ಗುರು ಅವರ ಮುಂದಿನ ಟೀಕೆಯನ್ನು ದೇವದಾಸಿ ಅಧ್ಯಯನಗಳಿಗೆ ನೇರವಾಗಿ ಅನ್ವಯಿಸಬಹುದು.

ಒಂದು ಹಳೆಯ ಉದಾಹರಣೆ

ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ದೇವದಾಸಿ ಕುಟುಂಬದ ಗಾಯಕಿ ಮತ್ತು ವಿದುಷಿ. ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಕೃತಿಯನ್ನು ಆಕೆ 1910ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಶ್ಲೀಲವೆಂಬ ಆರೋಪದ ಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಸ್ವಾತಂತ್ರ್ಯದ ಹೊತ್ತಿಗೆ ನಿಷೇಧ ತೆರವಾಯಿತು. ಮುಂದೆ ಮದರಾಸಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ರದ್ದುಪಡಿಸಲು ಶಾಸನ ಸಭೆಯಲ್ಲಿ ಪ್ರಯತ್ನಿಸಿದಾಗ ನಾಗರತ್ನಮ್ಮ ಅದನ್ನು ವಿರೋಧಿಸಿದವರ ಮುಂಚೂಣಿಯಲ್ಲಿದ್ದರು. ಗ್ರಂಥ ಸಂಪಾದನೆ ಮತ್ತು ಹೋರಾಟ ಒಬ್ಬರಲ್ಲೇ ಕೂಡಿದ್ದುದರಿಂದ ಈ ಪ್ರಸಂಗ ಇಲ್ಲಿ ಪ್ರಸ್ತುತ. ಆದರೆ ಮದರಾಸಿನ ಕಲಾವಿದೆಯರ ವಾದವನ್ನು ಉತ್ತರ ಕರ್ನಾಟಕದ ಕೂಲಿಕಾರ ದಲಿತ ಮಹಿಳೆಯರಿಗೆ ಹಾಗೆಯೇ ಹೊಂದಿಸಲಾಗದು. ಒಂದೇ ಪದವು ಎರಡು ತೀರಾ ಭಿನ್ನ ಬದುಕುಗಳನ್ನು ಸೂಚಿಸುವುದರಿಂದ ಅನೇಕ ಬರಹಗಳಲ್ಲಿ ಗೊಂದಲವುಂಟಾಗಿದೆ.

ಪ್ರದೇಶ ಮತ್ತು ಪದ್ಧತಿ

ಸವದತ್ತಿಯ ಯಲ್ಲಮ್ಮನಗುಡ್ಡವು ಈ ಭಾಗದ ಪದ್ಧತಿಯ ಧಾರ್ಮಿಕ ಕೇಂದ್ರ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಇಲ್ಲಿಗೆ ಬರುತ್ತಾರೆ. ಭಕ್ತಿ, ಜೋಗ ಬೇಡುವುದು, ಚೌಡಿಕೆ ಪದ ಇವೆಲ್ಲ ಬಹು ಸಮುದಾಯಗಳಿಗೆ ಸೇರಿದ ಆಚರಣೆಗಳು. ಹೆಣ್ಣುಮಗುವಿಗೆ 'ಮುತ್ತು ಕಟ್ಟುವುದು' ಮಾತ್ರ ಪ್ರಧಾನವಾಗಿ ಮಾದಿಗ, ಹೊಲೆಯ ಮುಂತಾದ ಸಮುದಾಯಗಳಲ್ಲಿ ಕಂಡುಬಂದಿದೆ. ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟಿ ದೇವಿಗೆ ಅರ್ಪಿಸಿದ ಹುಡುಗಿಗೆ ಬೇರೆ ಮದುವೆಯಿಲ್ಲ. ಗಂಡು ಸಂತಾನವಿಲ್ಲದಿರುವುದು, ಮನೆಯಲ್ಲಿ ಕಾಯಿಲೆ, ಹರಕೆ, ಬಡತನ, ತಲೆಯಲ್ಲಿ ಜಟೆ ಕಾಣಿಸಿಕೊಳ್ಳುವುದು ಮುಂತಾದ ಕಾರಣಗಳನ್ನು ಕುಟುಂಬಗಳು ಹೇಳುತ್ತವೆ. ಹೀಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಹಲವರು ಊರಿನ ಉಳ್ಳವರ ಆಸರೆಯಲ್ಲಿ ಉಳಿದರೆ, ಹಲವರು ಮುಂಬಯಿ, ಪುಣೆ, ಸಾಂಗಲಿಗಳ ವೇಶ್ಯಾಗೃಹಗಳನ್ನು ಸೇರಿದರು.

ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡ ಗ್ರಾಮವು ಶ್ರೀಕೃಷ್ಣ ಪಾರಿಜಾತ ಸಣ್ಣಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರೆಂದು ಪ್ರಸಿದ್ಧ. ಸತ್ಯಭಾಮೆಯ ಗರ್ವಭಂಗವನ್ನು ರಾತ್ರಿಯಿಡೀ ಆಡಿ ತೋರಿಸುವ ಆ ಆಟಕ್ಕೆ ಜಾನಪದ ಗ್ರಂಥಗಳಲ್ಲಿ ವಿಪುಲ ಪುಟಗಳು ಮೀಸಲಾಗಿವೆ. ಅದೇ ಸೀಮೆಯ ಮುತ್ತು ಕಟ್ಟಿಸಿಕೊಂಡ ಮಹಿಳೆಯರು ಬಹುಕಾಲ ಪೊಲೀಸ್ ದಾಖಲೆಗಳಲ್ಲಿಯೂ ಯೋಜನಾ ವರದಿಗಳಲ್ಲಿಯೂ ಮಾತ್ರ ಕಾಣಿಸುತ್ತಿದ್ದರು.

ಕಾನೂನಿನ ಹಾದಿ

ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿಯೇ, ಅಂದರೆ 1934ರಲ್ಲಿ, ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆಯನ್ನು 1982ರಲ್ಲಿ ರೂಪಿಸಲಾಯಿತು. ಅದು 1984ರಲ್ಲಿ ಜಾರಿಗೆ ಬಂದಿತು. ಸಮರ್ಪಣೆಯನ್ನು ನಡೆಸುವವರು, ಅದರಲ್ಲಿ ಭಾಗವಹಿಸುವವರು, ಅದಕ್ಕೆ ಕುಮ್ಮಕ್ಕು ಕೊಡುವವರು ಎಲ್ಲರೂ ಅದರ ಪ್ರಕಾರ ದಂಡಾರ್ಹರು. ತಂದೆತಾಯಿ ಅಥವಾ ಪೋಷಕರೇ ತಪ್ಪಿತಸ್ಥರಾದರೆ ಶಿಕ್ಷೆ ಇನ್ನೂ ಹೆಚ್ಚು. ದೇವದಾಸಿಯ ವಿವಾಹವು ಸಿಂಧುವೆಂದೂ ಆ ಕಾಯ್ದೆ ಸ್ಪಷ್ಟಪಡಿಸಿತು. 1986ರಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಈ ಘಟನೆಯನ್ನು ಮಾನವಶಾಸ್ತ್ರಜ್ಞೆ ಲಿಂಡಾ ಎಪ್ ಅವರು ದಲಿತ ಹೋರಾಟದ ಹಿನ್ನೆಲೆಯಲ್ಲಿ ವಿಶ್ಲೇಷಿಸಿದರು. ವಿಶಾಲ್ ಜೀತ್ ಪ್ರಕರಣದಲ್ಲಿ (1990) ಸುಪ್ರೀಂ ಕೋರ್ಟು ದೇವದಾಸಿ ಮತ್ತು ಜೋಗಿನಿ ಪದ್ಧತಿಗಳನ್ನು ಕುರಿತು ಸರ್ಕಾರಗಳಿಗೆ ನಿರ್ದೇಶನ ನೀಡಿತು.

ಕಾನೂನಿನ ಅನಿರೀಕ್ಷಿತ ಪರಿಣಾಮವೊಂದನ್ನು ಸಂಶೋಧಕರಿಗಿಂತ ಮೊದಲು ಕಾರ್ಯಕರ್ತರು ಕಂಡರು. ಗುಡ್ಡದಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ಮುತ್ತು ಕಟ್ಟುವ ವಿಧಿಯು ಮನೆಯೊಳಗೆ, ಬೇರೆ ಊರಿನ ಸಣ್ಣ ಗುಡಿಗಳಿಗೆ, ರಾತ್ರಿಯ ವೇಳೆಗೆ ಸರಿಯಿತು. ಪ್ರಶ್ನಾವಳಿ ಹಿಡಿದು ಬಂದ ಅಧಿಕಾರಿಗೆ 'ನಮ್ಮೂರಾಗ ಅಂಥಾದ್ದೇನೂ ಇಲ್ಲರೀ' ಎಂಬ ಉತ್ತರ ಸಿಗತೊಡಗಿತು.

ಅಥಣಿ ಮತ್ತು ಘಟಪ್ರಭಾ

ಅಥಣಿಯ ವಕೀಲ ಬಿ. ಎಲ್. ಪಾಟೀಲ ಅವರು 1985ರಲ್ಲಿ ವಿಮೋಚನಾ ದೇವದಾಸಿ ಪುನರ್ವಸತಿ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 1979ರಲ್ಲಿ ಆರಂಭವಾದ 'ವಿಮೋಚನಾ' ಎಂಬ ಮಹಿಳಾ ಹಕ್ಕುಗಳ ವೇದಿಕೆ ಬೇರೆ. ಅಥಣಿಯ ಸಂಘವು ಮಕ್ಕಳ ಶಿಕ್ಷಣವನ್ನೇ ಮುಖ್ಯ ಉಪಾಯವಾಗಿ ಹಿಡಿದು ಮಲಾಬಾದದಲ್ಲಿ ವಸತಿ ಶಾಲೆಯನ್ನು ನಡೆಸಿತು. ತಾಯಿಯಿಂದ ಮಗಳಿಗೆ ಸಾಗುವ ಪದ್ಧತಿಯನ್ನು ಮಗಳ ಓದಿನಿಂದ ತುಂಡರಿಸಬಹುದೆಂಬುದು ಅದರ ನಂಬಿಕೆಯಾಗಿತ್ತು.

ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ನಡೆದ ಪ್ರಯೋಗದ ರೀತಿ ಬೇರೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳ ಪ್ರಯೋಗದಿಂದ ಹೆಸರಾಯಿತು. 1991ರಲ್ಲಿ ಅದು ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಸಹಯೋಗದಲ್ಲಿ ಬೆಳಗಾವಿ ಜಿಲ್ಲೆಯ ದೇವದಾಸಿ ಪುನರ್ವಸತಿ ಯೋಜನೆಯನ್ನು ಕೈಗೊಂಡಿತು. ಉಳಿತಾಯಕ್ಕೆಂದು ವಾರಕ್ಕೊಮ್ಮೆ ಸೇರುತ್ತಿದ್ದ ಮಹಿಳೆಯರು ಹಣದ ಲೆಕ್ಕದ ಜೊತೆಗೆ ತಮ್ಮ ತಮ್ಮ ಕಥೆಗಳನ್ನೂ ಹೇಳಿಕೊಂಡರು. ತನ್ನೊಬ್ಬಳ ಹಣೆಬರಹವೆಂದು ತಿಳಿದಿದ್ದುದು ಇಡೀ ಕೇರಿಯ, ಇಡೀ ತಾಲ್ಲೂಕಿನ ಸಂಗತಿಯೆಂದು ತಿಳಿದದ್ದು ಇಂತಹ ಕೂಟಗಳಲ್ಲಿ. ಸಂಶೋಧನೆ ಎಂಬ ಹೆಸರಿಲ್ಲದಿದ್ದರೂ, ಒಂದೊಂದು ಅನುಭವವನ್ನು ಕೂಡಿಸಿ ಸಾಮಾನ್ಯ ಕಾರಣವನ್ನು ಹುಡುಕುವ ಈ ಕೆಲಸ ಸಂಶೋಧನೆಯೇ ಸರಿ.

1997ರಲ್ಲಿ ಈ ಮಹಿಳೆಯರು ತಮ್ಮದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಜನರ ಬಾಯಲ್ಲಿ ಇದು 'ಮಾಸ್' ಎಂದೇ ಪರಿಚಿತ. ಮೈರಾಡ ಹಿಂದೆ ಸರಿದು, ಆಡಳಿತವು ಮಾಜಿ ದೇವದಾಸಿಯರ ಕೈಗೆ ಬಂದಿತು. ಜಾತ್ರೆಯ ಹುಣ್ಣಿಮೆಗಳಲ್ಲಿ ಜಾಗೃತಿ ಕಾರ್ಯ, ಸಮರ್ಪಣೆಯ ಸುಳಿವು ಸಿಕ್ಕಾಗ ಮನೆಗೆ ಹೋಗಿ ತಡೆಯುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಮಾಸಾಶನ ಮತ್ತು ನಿವೇಶನದ ಅರ್ಜಿಗಳನ್ನು ಬೆನ್ನುಹತ್ತುವುದು ಸಂಸ್ಥೆಯ ಕೆಲಸಗಳಾದವು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು ಮುಂದೆ ಈ ಸಂಸ್ಥೆಯ ಮುಖ್ಯಸ್ಥೆಯಾದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಸಂಸ್ಥೆಯ ಕಾರ್ಯಕರ್ತೆಯರಿಗೆ ದೊರೆಯುವ ಮಾಹಿತಿಯು ಹೊರಗಿನ ಸಂಶೋಧಕರಿಗೆ ದೊರೆಯದಿರಲು ಕಾರಣ ಸರಳ. ಕೊರಳ ಮಣಿಯನ್ನು ರವಿಕೆಯೊಳಗೆ ಮುಚ್ಚಿಕೊಳ್ಳುವುದು, ಮದುವೆಯಿಲ್ಲದೆ ತೌರಿನಲ್ಲಿ ಉಳಿದ ಮಗಳ ಬಗ್ಗೆ ಮನೆಯವರು ಮಾತು ತಪ್ಪಿಸುವುದು, ಹುಣ್ಣಿಮೆಗೆ ಮುಂಚೆ ಮನೆಯಲ್ಲಿ ನಡೆಯುವ ಸಿದ್ಧತೆ ಇವೆಲ್ಲದರ ಅರ್ಥ ಅದನ್ನು ಅನುಭವಿಸಿದವರಿಗೆ ತಕ್ಷಣ ಹೊಳೆಯುತ್ತದೆ. ಆದರೆ ಇದೇ ಜ್ಞಾನದಲ್ಲಿ ತೊಡಕೂ ಇದೆ. ತಡೆಯುವವಳು ಬಂದಳೆಂದರೆ ಮನೆಯವರು ಸುಳ್ಳು ಹೇಳುತ್ತಾರೆ. ಬರಿದೆ ಕೇಳುವವಳ ಮುಂದೆ ಕೆಲವೊಮ್ಮೆ ನಿಜ ಹೇಳುತ್ತಾರೆ. ಎರಡೂ ಪಾತ್ರಗಳನ್ನು ಒಬ್ಬಳೇ ನಿರ್ವಹಿಸುವಾಗ ಒಂದರ ಲಾಭಕ್ಕೆ ಇನ್ನೊಂದರ ನಷ್ಟ ತಪ್ಪುವುದಿಲ್ಲ.

ಎಣಿಕೆಯ ಪ್ರಶ್ನೆ

ಮಹಿಳಾ ಅಭಿವೃದ್ಧಿ ನಿಗಮವು 1993–94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 22,873 ಮಂದಿ ದೇವದಾಸಿಯರು ಗುರುತಿಸಲ್ಪಟ್ಟರು. 2007–08ರ ಎರಡನೆಯ ಸಮೀಕ್ಷೆಯಲ್ಲಿ ಹಿಂದೆ ಬಿಟ್ಟುಹೋಗಿದ್ದ 23,787 ಮಂದಿ ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಎರಡನೆಯ ಬಾರಿ ಸೇರಿದವರ ಸಂಖ್ಯೆ ಮೊದಲನೆಯದಕ್ಕಿಂತ ಹೆಚ್ಚಾಗಿರುವುದು ಗಮನಾರ್ಹ. ಹಲವು ಪತ್ರಿಕೆಗಳು ಇದನ್ನು ಪದ್ಧತಿಯ ಹೆಚ್ಚಳವೆಂದು ಓದಿದರೂ, ಮೊದಲ ಎಣಿಕೆಯ ಕೊರತೆಯೆಂದು ಓದುವುದೇ ಹೆಚ್ಚು ಸಮಂಜಸ.

ಮಾಸಾಶನ, ವಸತಿ, ಸಾಲ ಸೌಲಭ್ಯಗಳಿಗೆ ಸಮೀಕ್ಷೆಯ ಪಟ್ಟಿಯೇ ಆಧಾರ. ಸಮೀಕ್ಷೆಯ ದಿನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವಳು, ಮಗಳ ಮದುವೆಗೆ ಅಡ್ಡಿಯಾದೀತೆಂದು ಹೆಸರು ಬರೆಸದವಳು, ಇಬ್ಬರೂ ಪಟ್ಟಿಯಿಂದ ಹೊರಗೆ. ಕಾಯ್ದೆ ಜಾರಿಯಾದ ಮೇಲೆ ಮುತ್ತು ಕಟ್ಟಿಸಿಕೊಂಡವಳ ಸ್ಥಿತಿ ಇನ್ನೂ ಬಿಕ್ಕಟ್ಟಿನದು: ತಾನು ದೇವದಾಸಿ ಎಂದು ಬರೆಸುವುದೆಂದರೆ ತನ್ನ ಹೆತ್ತವರು ಅಪರಾಧವೆಸಗಿದ್ದಾರೆಂದು ಸಾಕ್ಷಿ ನುಡಿದಂತೆ. ಆದಕಾರಣ ಮರುಸಮೀಕ್ಷೆಯ ಬೇಡಿಕೆಯು ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಮೊದಲಾದ ಸಂಘಟನೆಗಳ ಧರಣಿಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಸಂಶೋಧನಾ ವಿಧಾನದ ಪಠ್ಯಪುಸ್ತಕಗಳಲ್ಲಿ 'ಮಾದರಿ ದೋಷ' ಎಂದು ಒಂದು ಪಂಕ್ತಿಯಲ್ಲಿ ಮುಗಿಯುವ ವಿಷಯಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂರಬೇಕಾಯಿತು.

ತಂದೆಯ ಹೆಸರಿನ ಅಂಕಣ

ಶಾಲಾ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿನ ಪಕ್ಕದಲ್ಲಿಯೇ ತಂದೆಯ ಹೆಸರಿನ ಅಂಕಣವಿರುತ್ತದೆ. ಈ ಭಾಗದಲ್ಲಿ ಪಾಠ ಹೇಳಿದ ಯಾವುದೇ ಶಿಕ್ಷಕರಿಗೆ ಆ ಅಂಕಣದ ಮುಂದೆ ತಾಯಿಯೊಬ್ಬಳು ಸುಮ್ಮನಾಗುವ ಕ್ಷಣ ಅಪರಿಚಿತವಲ್ಲ. ಕೆಲವೆಡೆ ಅಜ್ಜನ ಹೆಸರು, ಕೆಲವೆಡೆ ಸೋದರಮಾವನ ಹೆಸರು, ಕೆಲವೆಡೆ ದೇವರ ಹೆಸರು ಬರೆಯುವುದು ರೂಢಿಯಾಯಿತು. ಆ ದಿನ ಬರೆದ ಹೆಸರು ಮುಂದೆ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಆಸ್ತಿಯ ವಾರಸು ಎಲ್ಲೆಲ್ಲಿಯೂ ಬೆನ್ನಟ್ಟುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ವಿಶ್ವವಿದ್ಯಾಲಯದ ಸಾಮಾಜಿಕ ಒಳಗೊಳ್ಳುವಿಕೆ ಅಧ್ಯಯನ ಕೇಂದ್ರವು ದೇವದಾಸಿ ಮಹಿಳೆಯರೊಂದಿಗೆ ಸಮಾಲೋಚಿಸಿ ಹೊಸ ಮಸೂದೆಯೊಂದರ ಕರಡನ್ನು 2018ರ ಹೊತ್ತಿಗೆ ಸಿದ್ಧಪಡಿಸಿತು. ಹಳೆಯ ಕಾಯ್ದೆಯು ನಿಷೇಧಕ್ಕೆ ಒತ್ತು ಕೊಟ್ಟಿದ್ದರೆ, ಇದು ಪರಿಹಾರ, ಪುನರ್ವಸತಿ ಮತ್ತು ಮಕ್ಕಳ ಹಕ್ಕುಗಳನ್ನು ಮುಂದಕ್ಕೆ ತಂದಿತು. ಕರ್ನಾಟಕ ವಿಧಾನಮಂಡಲವು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ದೇವದಾಸಿ (ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ಮಸೂದೆಯು ದಾಖಲೆಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯಗೊಳಿಸಬಾರದೆಂದು ಹೇಳುತ್ತದೆ. ತಂದೆಯನ್ನು ಗುರುತಿಸಬಯಸುವ ಮಕ್ಕಳಿಗೆ ಡಿ.ಎನ್.ಎ. ಪರೀಕ್ಷೆಯ ಮೂಲಕ ಅದನ್ನು ಸಾಧಿಸುವ ಮಾರ್ಗವನ್ನೂ ಒದಗಿಸುತ್ತದೆ. ಹೆಸರು ಹೇಳದಿರುವ ಹಕ್ಕು ಮತ್ತು ಹೇಳಿಸುವ ಹಕ್ಕು ಎರಡೂ ಒಂದೇ ಶಾಸನದಲ್ಲಿ ಬಂದಿರುವುದು ತಾಯಂದಿರ ಹಾಗೂ ಮಕ್ಕಳ ಬೇಡಿಕೆಗಳು ಬೇರೆಬೇರೆಯಾಗಿರಬಹುದೆಂಬ ತಿಳಿವಳಿಕೆಯನ್ನು ಸೂಚಿಸುತ್ತದೆ.

ಭಿನ್ನಾಭಿಪ್ರಾಯಗಳು

ಪದ್ಧತಿಯನ್ನು ಕುರಿತ ಆರಂಭದ ಅಧ್ಯಯನಗಳಲ್ಲಿ ಜೋಗನ್ ಶಂಕರ್ (1990) ಮತ್ತು ಕೆ. ಸಿ. ತಾರಾಚಂದ್ (1991) ಅವರ ಗ್ರಂಥಗಳು ಮುಖ್ಯವಾದುವು. ಇವು ಜಾತಿ, ಭೂಒಡೆತನ ಮತ್ತು ಶೋಷಣೆಯ ಸಂಬಂಧವನ್ನು ಎತ್ತಿ ತೋರಿಸಿದವು. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ಅವರು ಉತ್ತರ ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆಸಿ ಬರೆದ 'ಗಿವನ್ ಟು ದ ಗಾಡೆಸ್' (2014) ಬೇರೊಂದು ದಿಕ್ಕಿನಿಂದ ನೋಡಿತು. ಮುತ್ತು ಕಟ್ಟಿಸಿಕೊಂಡ ಮಗಳು ತೌರುಮನೆಯಲ್ಲಿ ಗಂಡುಮಗನ ಸ್ಥಾನವನ್ನು ಪಡೆದು ಮನೆತನವನ್ನು ನಡೆಸುತ್ತಾಳೆ, ದೇವಿಯನ್ನು ಹೊತ್ತು ಪೂಜಾರಿಕೆ ಮಾಡುತ್ತಾಳೆ ಎಂಬುದನ್ನು ಅವರು ದಾಖಲಿಸಿದರು. ಸುಧಾರಕರು ಜಟೆಯನ್ನು ಕತ್ತರಿಸಿ, ದೇವಿಯ ಸೇವೆಯನ್ನು ಬಿಡಿಸುವಾಗ ಆ ಮಹಿಳೆಯರು ಒಂದು ಅವಲಂಬನೆಯಿಂದ ಮುಕ್ತರಾಗುವುದರೊಂದಿಗೆ ಒಂದು ಸ್ಥಾನವನ್ನೂ ಕಳೆದುಕೊಳ್ಳುತ್ತಾರೆ ಎಂಬುದು ಅವರ ವಾದದ ಸಾರ.

ಈ ವಾದಕ್ಕೆ ದಲಿತ ಚಳವಳಿಯ ನೆಲೆಯಿಂದ ಬರುವ ಪ್ರಶ್ನೆ ನೇರವಾದುದು: ಅದು ಅಷ್ಟು ಗೌರವದ ಸ್ಥಾನವಾಗಿದ್ದರೆ ಊರಿನ ಮೇಲ್ಜಾತಿಯ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಏಕೆ ಅರ್ಪಿಸಲಿಲ್ಲ? ಈ ಪ್ರಶ್ನೆಗೆ ಸಮರ್ಪಕ ಉತ್ತರ ಕೊಡದ ಅಧ್ಯಯನ ಅಪೂರ್ಣವೇ ಸರಿ. ಹಾಗೆಂದು ರ‍್ಯಾಂಬರ್ಗ್ ಅವರ ವೀಕ್ಷಣೆಯನ್ನು ತಳ್ಳಿಹಾಕಲಾಗದು. ಮುಪ್ಪಿನ ತಂದೆತಾಯಿಗಳನ್ನು ಸಾಕುತ್ತಿರುವ ಮಗಳಿಗೆ ಮದುವೆಯೊಂದೇ ಪುನರ್ವಸತಿ ಎಂದು ತೋರಿಸುವ ಯೋಜನೆಗಳು ಏಕೆ ವಿಫಲವಾದವು ಎಂಬುದಕ್ಕೆ ಅದರಲ್ಲಿ ಕಾರಣ ದೊರೆಯುತ್ತದೆ.

ಗಡಿಯಾಚೆಗಿನ ಸಾಂಗಲಿಯಲ್ಲಿ ಮತ್ತೊಂದು ನಿಲುವು ರೂಪುಗೊಂಡಿತು. ಮೀನಾ ಶೇಷು ಅವರು 1992ರಲ್ಲಿ ಆರಂಭಿಸಿದ ಸಂಗ್ರಾಮ ಸಂಸ್ಥೆಯ ಬೆಂಬಲದಿಂದ 1996ರಲ್ಲಿ 'ವ್ಯಾಂಪ್' ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ಹುಟ್ಟಿತು. ಅದರ ಸದಸ್ಯರಲ್ಲಿ ಕನ್ನಡ ನಾಡಿನಿಂದ ಹೋದ ದೇವದಾಸಿಯರೂ ಇದ್ದಾರೆ. ತಮ್ಮನ್ನು ಉದ್ಧರಿಸಬೇಕಾದ ಬಲಿಪಶುಗಳೆಂದು ನೋಡುವುದನ್ನು ಅವರು ಒಪ್ಪುವುದಿಲ್ಲ. ಪೊಲೀಸ್ ದಾಳಿ ಮತ್ತು ಬಲವಂತದ ಪುನರ್ವಸತಿಯನ್ನು ವಿರೋಧಿಸುತ್ತಾರೆ. ಘಟಪ್ರಭಾದ ಮತ್ತು ಸಾಂಗಲಿಯ ಸಂಘಟನೆಗಳೆರಡೂ ಅನುಭವಸ್ಥ ಮಹಿಳೆಯರವೇ. ಸಂತ್ರಸ್ತರ ದನಿ ಎಂದರೆ ಒಂದೇ ದನಿ ಎಂದು ಭಾವಿಸುವ ಸಂಶೋಧಕರು ಇಲ್ಲಿ ಎಡವುತ್ತಾರೆ.

ಸಂಶೋಧನೆಯ ನೀತಿ

2000ದ ದಶಕದಲ್ಲಿ ಎಚ್.ಐ.ವಿ. ತಡೆ ಕಾರ್ಯಕ್ರಮಗಳಿಗಾಗಿ ಹೊರದೇಶಗಳ ನೆರವು ಉತ್ತರ ಕರ್ನಾಟಕಕ್ಕೆ ಹರಿದುಬಂದಿತು. ಭಾರತ–ಕೆನಡಾ ಸಹಯೋಗದ ಯೋಜನೆ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನಗಳ ಮೂಲಕ ಬಾಗಲಕೋಟೆ, ಬೆಳಗಾವಿ ಮೊದಲಾದ ಜಿಲ್ಲೆಗಳು ಸಾಂಕ್ರಾಮಿಕ ರೋಗ ಅಧ್ಯಯನಕ್ಕೆ ಒಳಪಟ್ಟವು. ಇದರಿಂದ ಚಿಕಿತ್ಸೆ ಹತ್ತಿರವಾಯಿತು, ಸಂಘಟನೆಗಳು ಬಲಗೊಂಡವು. ಇದೇ ಅವಧಿಯಲ್ಲಿ ದೇವದಾಸಿಯು 'ಅಪಾಯದ ಗುಂಪು' ಎಂಬ ಶೀರ್ಷಿಕೆಯಡಿ ಕಾಣತೊಡಗಿದಳು. ಭೂಮಿ, ಕೂಲಿ, ಜಾತಿಗಳನ್ನು ಕುರಿತ ಪ್ರಶ್ನೆಗಳು ಪ್ರಶ್ನಾವಳಿಯ ಕೊನೆಗೆ ಸರಿದವು. ಕೆನಡಾದ ಟ್ರೀನಾ ಆರ್ಚರ್ಡ್ ಅವರಂತಹ ಕೆಲವರು ಕಿರಿಯ ದೇವದಾಸಿಯರ ಕುಟುಂಬ ಜೀವನ ಮತ್ತು ಸ್ವಂತ ಮಾತುಗಳಿಗೆ ಗಮನ ಕೊಟ್ಟು ಈ ಕೊರತೆಯನ್ನು ತುಂಬಲು ಯತ್ನಿಸಿದರು.

ಕ್ಷೇತ್ರದಲ್ಲಿ ಉಳಿದಿರುವ ಪ್ರಶ್ನೆಗಳು ಹೆಚ್ಚಾಗಿ ವ್ಯಾವಹಾರಿಕ. ಒಂದೇ ಮಹಿಳೆಯು ವರ್ಷವರ್ಷವೂ ಬೇರೆಬೇರೆ ಸಂದರ್ಶಕರಿಗೆ ಅದೇ ನೋವಿನ ಕಥೆಯನ್ನು ಹೇಳಬೇಕಾಗುತ್ತದೆ. ಹೆಸರು ಬದಲಿಸಿ ಊರಿನ ಹೆಸರನ್ನು ಮಾತ್ರ ಉಳಿಸಿದರೆ ಇನ್ನೂರು ಮನೆಗಳ ಹಳ್ಳಿಯಲ್ಲಿ ಆಕೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡ ಸಮ್ಮತಿ ಪತ್ರವು ಇಂಗ್ಲಿಷಿನಲ್ಲಿದ್ದರೆ ಅದು ಸಂಶೋಧಕನ ರಕ್ಷಣೆಗಲ್ಲದೆ ಆಕೆಯ ರಕ್ಷಣೆಗೆ ಬಾರದು. ಪ್ರೌಢ ಪ್ರಬಂಧಗಳ ಬಹುಭಾಗ ಇಂದಿಗೂ ಇಂಗ್ಲಿಷಿನಲ್ಲಿಯೇ ಇದ್ದು, ಅವುಗಳಲ್ಲಿ ತಮ್ಮ ಬಗ್ಗೆ ಏನು ಬರೆಯಲಾಗಿದೆ ಎಂಬುದನ್ನು ಓದಿ ತಿದ್ದುವ ಅವಕಾಶ ಈ ಮಹಿಳೆಯರಿಗೆ ಒದಗಿಲ್ಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಂದಲೇ ಬಂದ ವಿದ್ಯಾರ್ಥಿನಿಯರು ಕಲಿಯುತ್ತಿದ್ದಾರೆ. ತಾಯಂದಿರಿಂದ ಕೇಳಿದ ಮಾತನ್ನು ತಾಯಂದಿರ ಭಾಷೆಯಲ್ಲಿಯೇ ಬರೆದು, ಪ್ರಕಟಣೆಗೆ ಮುನ್ನ ಅವರಿಗೇ ಓದಿ ಕೇಳಿಸಲು ಇಂತಹ ವಿದ್ಯಾರ್ಥಿನಿಯರಿಗೆ ಭಾಷೆಯ ಅಡ್ಡಿಯಿಲ್ಲ.